ಹಿಮಸಾಗರದ ಮಿಲಿಟರಿ ಹುಡುಗ

2017ರ ಜನವರಿ 6. ನಟ ಓಂ ಪುರಿ ತೀರಿಕೊಂಡ ಸುದ್ದಿಯನ್ನು ಬುಲೆಟಿನ್‌ನಲ್ಲಿ ನಾನೇ ಓದಿದೆ. ಪರದೆ ಮೇಲೆ ‘ಅರ್ಧಸತ್ಯ’ದ ತುಣುಕು ಓಡ್ತಿತ್ತು. ನನ್ನ ಕಣ್ಮುಂದೆ ಬಂದಿದ್ದು ಮಾತ್ರ ರೈಲಿನಲ್ಲಿ ಕೂತ ಒಬ್ಬ ಸೈನಿಕ.

‘ಯಾತ್ರಾ’ ನೆನಪಿದೆಯಾ ನಿಮಗೆ? 1986ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ. ನಿರ್ದೇಶನ ಶ್ಯಾಮ್ ಬೆನಗಲ್, ಪ್ರಾಯೋಜಕರು ಭಾರತೀಯ ರೈಲ್ವೆ. ಕೇರಳದ ಯೋಧ ಗೋಪಾಲನ್ ನಾಯರ್ ಆಗಿ ಓಂ ಪುರಿ ಕನ್ಯಾಕುಮಾರಿಯಿಂದ ಜಮ್ಮುವಿಗೆ ಹೊರಟಿದ್ದರು. ನಿಜವಾದ ಹೀರೋ ರೈಲೇ ಬಿಡಿ, ಹಿಮಸಾಗರ್ ಎಕ್ಸ್‌ಪ್ರೆಸ್! 3,700 ಕಿಲೋಮೀಟರಿಗೂ ಹೆಚ್ಚಿನ ದಾರಿ. 2011ರಲ್ಲಿ ವಿವೇಕ್ ಎಕ್ಸ್‌ಪ್ರೆಸ್ ಬರೋವರೆಗೆ ದೇಶದಲ್ಲಿ ಅತಿ ದೂರ ಓಡುತ್ತಿದ್ದ ರೈಲು ಇದೇ.

ಕಾಲ ಯಾವುದು ಗಮನಿಸಿ. ಹಿಮಸಾಗರ್ ಶುರುವಾಗಿದ್ದು 1984ರಲ್ಲಿ. ಇಂದಿರಾ ಗಾಂಧಿ ಹತ್ಯೆಯಾದ ವರ್ಷ ಅದು. ಧಾರಾವಾಹಿ ಬಂದಾಗಲೂ ಪಂಜಾಬ್ ಉರಿಯುತ್ತಿತ್ತು. ಜಮ್ಮುವಿನ ರೈಲು ಆ ಪಂಜಾಬನ್ನು ದಾಟಿಯೇ ಹೋಗಬೇಕು. ದೇಶ ಒಂದು ಅಂತ ಭಾಷಣ ಬಿಗಿಯೋ ಬದಲು, ಒಂದೇ ಬೋಗಿಯಲ್ಲಿ ಹತ್ತಾರು ಭಾಷೆಯವರನ್ನು ಕೂರಿಸಿ ತೋರಿಸಿದರು ಬೆನಗಲ್.

ಆಗ ನನಗೆ ಆರೇಳು ವರ್ಷ. ಟಿವಿ ಇದ್ದದ್ದು ಪಕ್ಕದ ಮನೆಯಲ್ಲಿ, ಬ್ಲ್ಯಾಕ್ ಅಂಡ್ ವೈಟ್. ಚಿತ್ರ ಅಲುಗಾಡಿದರೆ ಒಬ್ಬರು ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು. ನಮ್ಮೂರಲ್ಲಿ ಓಡ್ತಿದ್ದದ್ದು ಮೀಟರ್ ಗೇಜ್ ಗಾಡಿ. ಹಳಿಗಳ ನಡುವೆ ಒಂದೇ ಮೀಟರ್ ಅಂತರ. ಅದನ್ನಷ್ಟೇ ನೋಡಿದ್ದ ನನಗೆ ಬ್ರಾಡ್ ಗೇಜಿನ ಬೋಗಿ ಅರಮನೆ ಥರ ಕಂಡಿತ್ತು. ಅಜ್ಜಿಗೆ ಹಿಂದಿ ಒಂದಕ್ಷರ ಬರದು. ಆದರೂ ಪ್ರತಿ ವಾರ ಅಪ್ಪನನ್ನು ಕೇಳೋಳು: “ಏನೋ, ಆ ಮಿಲಿಟರಿ ಹುಡುಗ ಊಟ ಮಾಡಿದ್ನಾ?”

ಅದೇ ಹೊತ್ತಿಗೆ ನಮ್ಮ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದರು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಪುಟ್ಟ ಅರಸಾಳು ನಿಲ್ದಾಣವೇ ಮಾಲ್ಗುಡಿ ಸ್ಟೇಷನ್ ಆಯಿತು. ಬೆನಗಲ್ ದೇಶದ ಅತಿ ಉದ್ದದ ಪಯಣಕ್ಕೆ ಹೊರಟರೆ, ಶಂಕರ್‌ನಾಗ್ ಗಾಡಿ ಎರಡು ನಿಮಿಷ ನಿಲ್ಲೋ ಸ್ಟೇಷನ್ನಿಗೆ ಹೋದರು. ಇಬ್ಬರ ಕ್ಯಾಮೆರಾಗೂ ಕಂಡದ್ದು ಮನುಷ್ಯರೇ.

ನಾವು? ಓಂ ಪುರಿ ಸಾಯೋ ಒಂದೂವರೆ ತಿಂಗಳ ಹಿಂದೆ, ನವೆಂಬರ್ 20ರಂದು, ಕಾನ್ಪುರದ ಬಳಿಯ ಪುಖರಾಯಾಂನಲ್ಲಿ ಇಂದೋರ್–ಪಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಸುಮಾರು 150 ಜನ ಸತ್ತರು. ದಿನವಿಡೀ ಸ್ಟುಡಿಯೋದಲ್ಲಿ ಕೂತು ಏರುತ್ತಿದ್ದ ಸಂಖ್ಯೆ ಓದಿದವನು ನಾನು. ಅವರೆಲ್ಲ ಯಾರು, ಯಾವ ಕೆಲಸಕ್ಕೆ ಹೊರಟಿದ್ದರು ಅಂತ ಒಂದು ಸಲವೂ ಹೇಳಲಿಲ್ಲ. ಮೂರನೇ ದಿನ ಬೇರೆ ಸುದ್ದಿಗೆ ಹಾರಿದೆವು.

ನಮ್ಮ ಹತ್ತಿರ ಈಗ ಡ್ರೋನ್ ಇದೆ, ಲೈವ್ ವ್ಯಾನ್ ಇದೆ, ಗ್ರಾಫಿಕ್ಸ್ ಇದೆ. ಇಲ್ಲದ್ದು ಅಜ್ಜಿಯ ಆ ಒಂದು ಪ್ರಶ್ನೆ. ಮುಂದಿನ ಸಲ ಮೈಕ್ ಹಿಡಿಯೋ ಮುಂಚೆ ಅದನ್ನು ಕೇಳಿಕೊಳ್ಳಬೇಕು ಅಂದುಕೊಂಡಿದ್ದೇನೆ. ಮರೆತರೆ ನೀವೇ ನೆನಪಿಸಿ.