ಚಿಕ್ಲಾನಾ ಬೀದಿಯ ಎಸ್ತೆರ್

ಟ್ಯಾಂಗೋ ಎಂದರೆ ಬರೀ ಕಾಲಿನ ಕಲೆ ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ನನಗದು ಮೊದಲು ಹಾಡು, ಆಮೇಲೆ ಕುಣಿತ. 1917ರಲ್ಲಿ ಕಾರ್ಲೋಸ್ ಗಾರ್ದೆಲ್ ‘ಮಿ ನೋಚೆ ತ್ರಿಸ್ತೆ’ ಹಾಡಿದ. ಪಾಸ್ಕುವಲ್ ಕೊಂತುರ್ಸಿ ಬರೆದ ಆ ಹಾಡಿನಲ್ಲಿ, ಪ್ರೇಯಸಿ ತೊರೆದುಹೋದ ಗಂಡಸೊಬ್ಬ ಕೋಣೆಯ ಸಾಮಾನುಗಳ ನಡುವೆ ಕೊರಗುತ್ತಾನೆ. ಅಲ್ಲಿಯವರೆಗೆ ಜಂಬ, ಪೋಲಿತನಗಳಲ್ಲೇ ಮೆರೆಯುತ್ತಿದ್ದ ಬ್ಯೂನಸ್ ಐರಿಸ್‌ನ ಹಾಡು ಅಳಲು ಕಲಿತದ್ದು ಹೀಗೆ.

ನನ್ನನ್ನು ಕಾಡುವುದು ಮಾತ್ರ 1920ರ ‘ಮಿಲೊಂಗಿತಾ’. ಸಾಮುವೆಲ್ ಲಿನ್ನಿಂಗ್ ಸಾಹಿತ್ಯ, ಎನ್ರಿಕೆ ದೆಲ್ಫಿನೋ ಸಂಗೀತ. ಚಿಕ್ಲಾನಾ ಬೀದಿಯ, ಗಿಡ್ಡ ಲಂಗ, ಜಡೆಗಳ ಎಸ್ತೆರ್ ಕ್ಯಾಬರೆ ಸೇರುತ್ತಾಳೆ, ಹೆಸರೂ ಮಿಲೊಂಗಿತಾ ಎಂದು ಬದಲಾಗುತ್ತದೆ. 1943ರ ‘ಪೆರ್ಕಾಲ್’ನಲ್ಲಿ ಗೀತಕಾರ ಓಮೆರೋ ಎಕ್ಸ್‌ಪೋಸಿತೋ ಅಂಥದೇ ಕಳೆದ ಬಾಲ್ಯವನ್ನೆಲ್ಲ ಬಡ ಹುಡುಗಿಯರು ಉಡುತ್ತಿದ್ದ ಪೆರ್ಕಾಲ್ ಎಂಬ ಅಗ್ಗದ ಹತ್ತಿಬಟ್ಟೆಯೊಂದಕ್ಕೇ ಕಟ್ಟಿಬಿಟ್ಟ.

ಈ ಹಾಡುಗಳನ್ನು ಬರೆದವರೆಲ್ಲ ಗಂಡಸರೇ, ನೋಡಿ! ಮರುಗುತ್ತಲೇ ಬೈಯುತ್ತಾರೆ: ರೇಷ್ಮೆಗೆ ಆಸೆಪಟ್ಟೆಯಲ್ಲ ಎಂದು. ಅಂಥ ಬಡ ಹುಡುಗಿಗೆ ಹೊಲಿಗೆಯ ಕೂಲಿಯಲ್ಲಿ ಹೊಟ್ಟೆ ತುಂಬುತ್ತಿತ್ತೇ ಎಂದು ಕೇಳಿದವರು ಕಡಿಮೆ. ಎಸ್ತೆರ್‌ಳ ನಿಜವಾದ ದುಃಖ ಅಡಗಿರುವುದು ಅಲ್ಲೇ ಎಂದು ನನ್ನ ಗುಮಾನಿ. ಇಂಥ ಹಾಡುಗಳನ್ನು ಹೆಂಗಸರು ಹಾಡಬೇಕಾದಾಗಲೂ ಗಂಡಸಿನ ಮಾತೇ ಬಾಯಲ್ಲಿ. ಗಾಯಕಿ ಅಸುಸೆನಾ ಮೈಸಾನಿಯಂತೂ ಎಷ್ಟೋ ಸಲ ಗಂಡುಡುಗೆ ತೊಟ್ಟೇ ರಂಗಕ್ಕೆ ಬರುತ್ತಿದ್ದಳು.