ಹಯರೋಗಲಕ್ಷಣಗಳೂ ದಕ್ಷಿಣದ ಅಶ್ವವ್ಯಾಪಾರವೂ

ಪ್ರಾಚೀನ ರಾಜ್ಯಗಳ ಚತುರಂಗಬಲದಲ್ಲಿ ಕುದುರೆಗೆ ಸಲ್ಲುತ್ತಿದ್ದ ಸ್ಥಾನವು ಎಲ್ಲರಿಗೂ ವಿದಿತವಾದುದೇ. ಆದರೆ ಲಾಯದಲ್ಲಿ ನಿಂತ ಕುದುರೆಯು ರೋಗಪೀಡಿತವಾಗಿದೆಯೆಂಬುದನ್ನು ಸಕಾಲದಲ್ಲಿ ಅರಿಯದೆ ಹೋದುದರಿಂದ ರಾಜಭಂಡಾರಕ್ಕೆ ಒದಗಿದ ನಷ್ಟದ ವಿಚಾರವು ಯುದ್ಧವರ್ಣನೆಗಳಷ್ಟು ಗಮನವನ್ನು ಪಡೆದಿಲ್ಲ.

ಕ್ರಿ. ಶ. 13ನೆಯ ಶತಮಾನದ ಅಂತ್ಯದಲ್ಲಿ ಪಾಂಡ್ಯರ ನಾಡನ್ನು ಕಂಡ ವೆನಿಸ್ ನಗರದ ಮಾರ್ಕೊ ಪೋಲೋ ಎಂಬಾತನು, ಅರಸನು ವರ್ಷವರ್ಷವೂ 2,000ಕ್ಕೆ ಮಿಗಿಲಾಗಿ ಕುದುರೆಗಳನ್ನು ಕೊಂಡರೂ ವರ್ಷಾಂತ್ಯಕ್ಕೆ ನೂರು ಸಹ ಉಳಿಯುತ್ತಿರಲಿಲ್ಲವೆಂದು ಹೇಳಿರುವನು. ಅನ್ನದೊಡನೆ ಬೇಯಿಸಿದ ಮಾಂಸವನ್ನು ಮೇವಾಗಿ ಕೊಡುತ್ತಿದ್ದುದೂ, ಅಶ್ವವೈದ್ಯರ ಅಭಾವವೂ ಇದಕ್ಕೆ ಕಾರಣಗಳೆಂಬುದು ಆತನ ಮತವು. ವರ್ತಕರು ಅಂತಹ ವೈದ್ಯರನ್ನು ತಾವೂ ಕರೆತಾರರು, ಬರಗೊಡರು ಎಂದೂ ಆತನು ಸೇರಿಸಿರುವನು. ವಿಜಯನಗರದ ಸಾಳುವ ನರಸಿಂಹನು (1485–1491) ಮೂರಕ್ಕೆ ಸಾವಿರ ಪರ್ದಾವುಗಳಂತೆ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಕಡಲಿನಲ್ಲಿ ಸತ್ತವುಗಳ ಬಾಲವನ್ನು ತಂದು ತೋರಿಸಿದರೂ ಪೂರ್ಣಬೆಲೆಯನ್ನೇ ಕೊಡುತ್ತಿದ್ದನೆಂದೂ 16ನೆಯ ಶತಮಾನದ ಪೋರ್ಚುಗೀಸ ನೂನಿಜನು ಬರೆದಿರುವನು. ಈ ಎರಡು ಹೇಳಿಕೆಗಳನ್ನೂ ಕೂಡಿಸಿ ನೋಡಿದರೆ, ಅಶ್ವಮರಣದಿಂದ ವರ್ತಕನಿಗೆ ಹಾನಿಯಿರಲಿಲ್ಲ, ಹಾನಿಯೆಲ್ಲವೂ ಕೊಂಡವನದೇ ಎಂಬುದು ವ್ಯಕ್ತವಾಗುತ್ತದೆ.

ಹಾಗಾದರೆ ಭಾರತದಲ್ಲಿ ಅಶ್ವವೈದ್ಯವೇ ಇರಲಿಲ್ಲವೇ? ಇದ್ದಿತೆಂಬುದು ನಿರ್ವಿವಾದವು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರೋಗಗ್ರಸ್ತವಾದ ಕುದುರೆಗಳ ವಿಷಯವನ್ನು ಅಶ್ವಾಧ್ಯಕ್ಷನು ನಿವೇದಿಸಬೇಕೆಂದು ವಿಧಿಸಲ್ಪಟ್ಟಿದೆ. ಚಿಕಿತ್ಸೆಯ ದೋಷದಿಂದ ವ್ಯಾಧಿಯು ಹೆಚ್ಚಿದರೆ ಚಿಕಿತ್ಸಾವ್ಯಯದ ಇಮ್ಮಡಿಯೂ, ಪ್ರಾಣಿಯು ಸತ್ತರೆ ಅದರ ಬೆಲೆಯೂ ದಂಡವು. ಶಾಲಿಹೋತ್ರನ ಹೆಸರಿನ ಸಂಪ್ರದಾಯವು ಎಷ್ಟು ಹಬ್ಬಿತ್ತೆಂದರೆ, ಹಿಂದೂಸ್ತಾನಿಯಲ್ಲಿ ಕುದುರೆಯ ವೈದ್ಯನಿಗೆ ಸಾಲೋತ್ರಿ ಎಂಬ ಹೆಸರೇ ಬಂದಿತು. ಆದರೆ ಈ ಶಾಸ್ತ್ರಗ್ರಂಥಗಳಲ್ಲಿ ಲಕ್ಷಣವೆಂಬ ಮಾತಿಗೆ ಎರಡು ಅರ್ಥಗಳುಂಟು. ಸುಳಿ, ಬಣ್ಣ ಮೊದಲಾದುವುಗಳಿಂದ ಒಡೆಯನ ಶುಭಾಶುಭಗಳನ್ನು ಹೇಳುವುದು ಒಂದು. ದೇಹಸ್ಥಿತಿಯಿಂದ ವ್ಯಾಧಿಯನ್ನು ತಿಳಿಯುವುದು ಇನ್ನೊಂದು. ಕೊಳ್ಳುವ ದಿನ ಮೊದಲನೆಯದಕ್ಕೆ ಬೆಲೆಯಿದ್ದಿರಬಹುದು. ಕುದುರೆಯನ್ನು ಉಳಿಸುವುದು ಎರಡನೆಯದೇ.

ಈ ಎರಡನೆಯ ಬಗೆಯ ಲಕ್ಷಣಗಳು ಸೂಕ್ಷ್ಮವಾದುವು. ಕುದುರೆಗೆ ವಾಂತಿಮಾಡುವ ಶಕ್ತಿಯಿಲ್ಲ. ಹುಲ್ಲಿಗೆ ಒಗ್ಗಿದ ಪ್ರಾಣಿಗೆ ಒಮ್ಮೆಗೇ ಧಾನ್ಯವನ್ನು ಅತಿಯಾಗಿ ತಿನ್ನಿಸಿದರೆ ಅದು ದೊಡ್ಡ ಕರುಳಿನಲ್ಲಿ ಹುಳಿತು ಉದರಶೂಲೆಯನ್ನುಂಟುಮಾಡುತ್ತದೆ. ಆಗ ಕುದುರೆಯು ಮೇವನ್ನು ಬಿಡುತ್ತದೆ, ಕತ್ತನ್ನು ತಿರುಗಿಸಿ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಗೊರಸಿನಿಂದ ನೆಲವನ್ನು ಕೆರೆಯುತ್ತದೆ, ಬೆವರುತ್ತದೆ, ಮಲಗಿ ಏಳುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44ರವರೆಗೆ ಇರಬೇಕಾದ ನಾಡಿಯು ಏರುತ್ತದೆ. ಅದೇ ಅಪಥ್ಯದಿಂದ ಗೊರಸಿನೊಳಗೆ ಉರಿಯೂತವೂ ಹುಟ್ಟಬಹುದು. ಆಗ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂಗಾಲುಗಳ ಮೇಲೆ ಹಾಕಿ ನಿಲ್ಲುತ್ತದೆ. ಹೀಗಿರಲು, ಮೇವನ್ನು ಕುರಿತ ಪೋಲೋನ ಮಾತನ್ನು ಕೇವಲ ಪರದೇಶಿಯ ಕಲ್ಪನೆಯೆಂದು ತಳ್ಳಿಹಾಕಲಾಗದು. ನಾಡಿನ ಉಷ್ಣಹವೆಯೂ ಸಾಂಕ್ರಾಮಿಕಗಳೂ ಇದಕ್ಕೆ ಜೊತೆಗೂಡಿರಬೇಕು.

ಈ ಚಿಹ್ನೆಗಳನ್ನು ಮೊದಲು ಕಾಣುವವನು ಪಂಡಿತನಲ್ಲ, ಹುಲ್ಲುಹಾಕುವ ಲಾಯದ ಆಳು. ಅವನಿಗೆ ಸಂಸ್ಕೃತಗ್ರಂಥವು ದೂರವಾದುದು. ಕನ್ನಡದಲ್ಲಿ 12ನೆಯ ಶತಮಾನದಲ್ಲಿಯೇ ಕೀರ್ತಿವರ್ಮನ ಗೋವೈದ್ಯವು ಹುಟ್ಟಿತ್ತು. ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನೂ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನು ಹಯಸಾರಸಮುಚ್ಚಯವನ್ನೂ ರಚಿಸಿದರು. ವಿದೇಶದ ಕುದುರೆಗಳಿಗೆ ಅಪಾರ ಧನವು ವ್ಯಯವಾಗುತ್ತಿದ್ದ ಶತಮಾನಗಳಲ್ಲಿಯೇ ಇಂತಹ ಗ್ರಂಥಗಳು ದೇಶಭಾಷೆಗೆ ಇಳಿದುದು ಆಕಸ್ಮಿಕವೆಂದು ತೋರುವುದಿಲ್ಲ. ಕಾವ್ಯಗುಣವನ್ನು ಮಾತ್ರ ಅರಸುವವರು ಇವನ್ನು ಕಡೆಗಣಿಸಬಹುದು. ಆದರೆ ರಾಜ್ಯದ ಬಲವು ಲಾಯದಲ್ಲಿ ಹೇಗೆ ಉಳಿಯಿತು, ಹೇಗೆ ಅಳಿಯಿತು ಎಂಬುದನ್ನು ತಿಳಿಯಬಯಸುವ ಚರಿತ್ರಕಾರನಿಗೆ ಶಾಸನಗಳೊಡನೆ ಇವುಗಳೂ ಆಧಾರಗಳೇ ಸರಿ.