ಕೇತಿಯ ಬಡಗ ಕ್ರೈಸ್ತ ಸಭೆ: ಕನ್ನಡದ ಅಂಚಿನ ಒಂದು ಅಧ್ಯಾಯ

ನೀಲಗಿರಿಯ ಬಡಗರು ಉತ್ತರದಿಂದ, ಎಂದರೆ ಮೈಸೂರು ಸೀಮೆಯ ಕಡೆಯಿಂದ, ಬೆಟ್ಟ ಹತ್ತಿ ಬಂದವರೆಂಬುದನ್ನು ಅವರ ಹೆಸರೇ ಸೂಚಿಸುತ್ತದೆ. ಅವರ ಬೇಸಾಯ, ಹಬ್ಬ, ಹಾಡುಗಳ ಬಗೆಗೆ ಸಾಕಷ್ಟು ಬರಹಗಳು ಬಂದಿವೆ. ಆದರೆ ಅವರೊಳಗೆ ಮೂಡಿದ ಪುಟ್ಟ ಕ್ರೈಸ್ತ ಸಭೆಯ ಇತಿಹಾಸವು ಕನ್ನಡ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಆ ಸಭೆಗೂ ಕನ್ನಡಕ್ಕೂ ಇದ್ದ ನಂಟನ್ನು ಪರಿಶೀಲಿಸುವುದಷ್ಟೇ ಇಲ್ಲಿ ನಮ್ಮ ಉದ್ದೇಶ.

ಉದಕಮಂಡಲ ಮತ್ತು ಕೂನೂರುಗಳ ನಡುವಣ ಕೇತಿ ಕಣಿವೆಯಲ್ಲಿ, ಮದ್ರಾಸಿನ ಗವರ್ನರನಾಗಿದ್ದ ಎಲ್ಫಿನ್‌ಸ್ಟನ್ನನ ಬಂಗಲೆಯನ್ನು ನಿವೃತ್ತ ಸಿವಿಲ್ ಅಧಿಕಾರಿ ಜಾರ್ಜ್ ಕ್ಯಾಸಮೇಜರ್ ಕೊಂಡುಕೊಂಡನು. ಬಡಗರ ಮಕ್ಕಳಿಗಾಗಿ ಶಾಲೆ ತೆರೆದ ಈತ ಅದಕ್ಕಾಗಿಯೇ ಕನ್ನಡ ಕಲಿತನು. 1846ರಲ್ಲಿ ಬಾಸೆಲ್ ಮಿಷನ್ ಅಲ್ಲಿ ನೆಲೆಯೂರಿತು. 1849ರಲ್ಲಿ ತೀರಿಕೊಂಡ ಕ್ಯಾಸಮೇಜರನ ಆಸ್ತಿಯ ಬಹುಪಾಲು ಮಿಷನ್ನಿಗೆ ಸಂದಿತು. ಮಿಷನ್ 1834ರಿಂದಲೇ ಮಂಗಳೂರಿನಲ್ಲಿ ಕೆಲಸ ಮಾಡುತ್ತಿತ್ತು. ಆದ್ದರಿಂದ ಬೆಟ್ಟಕ್ಕೆ ಬಂದವರ ಬಾಯಲ್ಲಿ ಕನ್ನಡ ಮೊದಲೇ ಇತ್ತು. ಆರೋಗ್ಯದ ಸಲುವಾಗಿ ಇಲ್ಲಿಗೆ ಬಂದ ವೈಗಲ್, ಕನ್ನಡ ಬೈಬಲ್ ಅನುವಾದದ ಕೆಲಸವನ್ನು ಕೇತಿಯಲ್ಲಿಯೇ ಮುಂದುವರಿಸಿದನೆಂಬುದು ಕನ್ನಡ ಗದ್ಯದ ಚರಿತ್ರಕಾರರು ನೆನಪಿಡಬೇಕಾದ ಸಂಗತಿ.

ಆದರೂ ಮೊದಲ ಬಡಗನ ದೀಕ್ಷಾಸ್ನಾನ ನಡೆದದ್ದು 1858ರಲ್ಲಿ. ಹನ್ನೆರಡು ವರ್ಷಗಳ ತರುವಾಯ! ಹಟ್ಟಿಯಿಂದ ಹಟ್ಟಿಗೆ ಅಲೆದು ಬೋಧಿಸಿದ ಮೆಟ್ಸ್‌ನಂಥವನ ಶ್ರಮಕ್ಕೂ ಫಲ ಬೇಗ ದೊರೆಯಲಿಲ್ಲ. ಕಾರಣವನ್ನು ಬೋಧನೆಯ ಕೊರತೆಯಲ್ಲಿ ಹುಡುಕುವುದಕ್ಕಿಂತ ಹಟ್ಟಿಯ ರಚನೆಯಲ್ಲಿ ಹುಡುಕುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಬಡಗರ ಮನೆಗಳು ಗೋಡೆಗೆ ಗೋಡೆ ತಾಗಿ ಸಾಲಾಗಿರುತ್ತವೆ. ಮುಂದಿನ ಅಂಗಳ ಎಲ್ಲರದು. ಅಂಥಲ್ಲಿ ಒಬ್ಬನು ಮತ ಬದಲಿಸುವುದೆಂದರೆ ಸಾಲಿನಿಂದ ಒಂದು ಮನೆಯನ್ನು ಕಿತ್ತಂತೆ. ಅದಕ್ಕಿಂತ ಕಠಿನವಾದುದು ಸಾವಿನ ಪ್ರಶ್ನೆ. ಬಡಗರ ಉತ್ತರಕ್ರಿಯೆಯಲ್ಲಿ ಸತ್ತವರ ಮತ್ತು ಅವರ ಹಿರಿಯರ ಪಾಪಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಾರೆ. ನೆರೆದವರು ಅದಕ್ಕೆ ದನಿಗೂಡಿಸುತ್ತಾರೆ. ಪಾಪದ ಹೊರೆ ಒಂದು ಕರುವಿಗೆ ಸೇರುತ್ತಿತ್ತು. ಹಳೆಯ ಒಡಂಬಡಿಕೆಯ ಪಾಪ ಹೊತ್ತ ಹೋತವನ್ನು ಬಲ್ಲ ಪಾದ್ರಿಗಳಿಗೆ ಇದು ಕುತೂಹಲ ಹುಟ್ಟಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕ್ರೈಸ್ತನಾದವನ ಶವಸಂಸ್ಕಾರದಲ್ಲಿ ಆ ಕರುವಿಗೆ ಎಡೆಯಿರಲಿಲ್ಲ. ತನ್ನ ಪಾಪವನ್ನು ನೆಂಟರೆಲ್ಲರೂ ಸೇರಿ ಇಳಿಸುವ ಹಕ್ಕನ್ನು ಬಿಟ್ಟುಕೊಡುವುದು ಸಾಮಾನ್ಯ ತ್ಯಾಗವಲ್ಲ.

1867ರಲ್ಲಿ ಕೋಟಗಿರಿಯಲ್ಲಿ ಮತ್ತೊಂದು ಕೇಂದ್ರ ಆರಂಭವಾಯಿತು. ಸಭೆ ಬೆಳೆಯಿತು, ಆದರೆ ನಿಧಾನವಾಗಿ.

ಭಾಷೆಯ ವಿಷಯವು ಹೆಚ್ಚಿನ ಚರ್ಚೆಗೆ ಅರ್ಹವಾಗಿದೆ. ಬಡಗರಿಗೆ ಗ್ರಂಥಸ್ಥ ಕನ್ನಡವೇ ಸಾಕೆಂಬ ಭಾವನೆಯಿಂದ ಕೆಲಸ ಪ್ರಾರಂಭವಾಗಿದ್ದರೂ, ಲೂಕನ ಸುವಾರ್ತೆಯನ್ನು 1890ರಲ್ಲಿ ಬಡಗ ನುಡಿಯಲ್ಲಿಯೇ ಅಚ್ಚು ಮಾಡಬೇಕಾಯಿತು. 1896ರಲ್ಲಿ ಮಾರ್ಕನದು ಬಂದಿತು. ಲೂಕನ ಪುಸ್ತಕವು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ್ದು, ಲಿಪಿ ಕನ್ನಡ. ಅದರ ಶೀರ್ಷಿಕೆಯಲ್ಲಿ ‘ಸುವಾರ್ತೆ’ಯ ಬದಲು ‘ಒಳ್ಳೆಯ ಸುದ್ದಿ’ ಎಂದಿರುವುದು ಗಮನಾರ್ಹ. ಕನ್ನಡದ ಪಾದ್ರಿಗಳು ಸಂಸ್ಕೃತ ಶಬ್ದದ ಮೊರೆಹೋದಲ್ಲಿ ಬಡಗ ಅನುವಾದ ದೇಸಿಯನ್ನು ಹಿಡಿಯಿತು. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. 1939ರಲ್ಲಿ ಎಮೆನೋ ಅದರ ವಿಶಿಷ್ಟ ಸ್ವರಗಳನ್ನು ವಿವರಿಸಿದರು. 1992ರಲ್ಲಿ ಹಾಕಿಂಗ್ಸ್ ಮತ್ತು ಪಿಲೋ-ರೈಚೂರ್ ಅವರ ನಿಘಂಟು ಪ್ರಕಟವಾಯಿತು. ಈ ವಾದದಲ್ಲಿ ತೊಡಗುವವರು ಸುವಾರ್ತೆಗಳ ಈ ಗದ್ಯವನ್ನೂ ಪರಾಂಬರಿಸಬೇಕು. ಹಾಡುಗಳಲ್ಲಿ ಹಳೆಯ ರೂಪಗಳು ಉಳಿದುಬರುವುದುಂಟು. ಗದ್ಯ ಆಡುಮಾತಿಗೆ ಹತ್ತಿರ, ಅದು ಅನುವಾದವೆಂಬ ಎಚ್ಚರವಿದ್ದರೆ ಸಾಕು.

ಮೊದಲನೆಯ ಮಹಾಯುದ್ಧ ಕಾಲದಲ್ಲಿ ಜರ್ಮನ್ ಪ್ರಜೆಗಳಾದ ಪಾದ್ರಿಗಳು ಕೆಲಸ ಬಿಡಬೇಕಾಗಿ ಬಂದಾಗ ಮಂಗಳೂರಿನೊಡನೆ ಇದ್ದ ಕೊಂಡಿ ಸಡಿಲವಾಯಿತು. 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ರಚಿತವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೀಲಗಿರಿ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಶಾಲೆಯಲ್ಲಿ ತಮಿಳು ಕಲಿತ ಪೀಳಿಗೆಗಳಿಗೆ ತಮ್ಮ ಮನೆಮಾತಿನ ಲೂಕನ ಪುಸ್ತಕ ಕೇಳಿದರೆ ತಿಳಿಯುತ್ತದೆ, ತೆರೆದರೆ ಓದಲಾಗದು.